ಸುಮ್ಮನೆ ನೋಡಲು ಬಂದವರು

ನನಗೊಂದು ಕೆಟ್ಟ ಚಟವಿದೆ. ಮನೆಗೆ ಹೊಸಬರು ಯಾರೇ ಬರಲಿ, ಅವರ ಬಾಯಿ ಏನು ಹೇಳುತ್ತಿದೆ ಅನ್ನುವುದಕ್ಕಿಂತ ಅವರ ಕಣ್ಣು ಎತ್ತ ಹೋಗುತ್ತಿದೆ ಅಂತ ನೋಡುತ್ತೇನೆ. ಮೊನ್ನೆ ಮತದಾರರ ಪಟ್ಟಿ ಸರಿಪಡಿಸಲು ಬಂದಿದ್ದ ಮಾಸ್ತರರು ಪಾಪ, ಹೊತ್ತೆಷ್ಟಾಯಿತು ಅಂತ ನಮ್ಮ ಗೋಡೆಯ ಹಳೇ ಗಡಿಯಾರದ ಕಡೆ ಕತ್ತು ಎತ್ತಿದರು. ನಾನು ತಟ್ಟನೆ ‘ಅದು ಕೊಡೂದಲ್ರಿ’ ಅಂದುಬಿಟ್ಟೆ. ಅವರು ಕಕ್ಕಾಬಿಕ್ಕಿಯಾಗಿ ನನ್ನ ಸೊಸೆಯ ಮುಖ ನೋಡಿದರು. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ವಯಸ್ಸಾದ ಮೇಲೆ ಅರುಳುಮರುಳು ಅಂತ ಅವರು ತಿಳಿದುಕೊಂಡಿರಬೇಕು. ತಿಳಿದುಕೊಳ್ಳಲಿ. ಈ ಚಟ ನನಗೆ ವಯಸ್ಸಿನಿಂದ ಬಂದದ್ದಲ್ಲ, ತವರಿನಿಂದ ಬಂದದ್ದು.

ನನ್ನ ತವರು ಕುಷ್ಟಗಿ. ನಮ್ಮ ಮನೆಯ ಕೊಟ್ಟಿಗೆಯಲ್ಲಿ ಎಲ್ಲರ ಮನೆಯ ಹಾಗೆ ಎತ್ತುಗಳಿರಲಿಲ್ಲ, ಒಂದು ಕಪ್ಪು ವಿಲಾಯತಿ ಮೋಟಾರು ಇತ್ತು. ಅಪ್ಪ ವಕೀಲರು. ಹೈದರಾಬಾದಿನ ರಾಜ್ಯ ಹೋಗಿ ಹೊಸ ಸರ್ಕಾರ ಬಂದ ಕಾಲಕ್ಕೆ, ಊರು ಬಿಟ್ಟು ಹೊರಟಿದ್ದ ಕಕ್ಷಿದಾರನೊಬ್ಬ ಫೀಜಿನ ಬದಲು ಇದನ್ನು ಕೊಟ್ಟು ಹೋಗಿದ್ದನಂತೆ. ಎರಡೂ ಬದಿಗೆ ಕಾಲಿಟ್ಟು ಹತ್ತುವ ಪಾವಟಿಗೆ, ಮುಂದೆ ಗುಂಡನೆಯ ಎರಡು ದೊಡ್ಡ ದೀಪ, ಮೂತಿಗೆ ಕಬ್ಬಿಣದ ಹ್ಯಾಂಡಲ್ ಹಾಕಿ ತಿರುವಿದರೆ ಚಾಲೂ. ಒಳಗೆ ಕೂತರೆ ಚರ್ಮ, ಪೆಟ್ರೋಲು, ಮತ್ತು ಹಿಂದೆ ಅಲ್ಲಿದ್ದ ದನಗಳ ಮೇವು ಮೂರೂ ಸೇರಿದ ಒಂದು ವಾಸನೆ. ಇವತ್ತಿಗೂ ಬಾಲ್ಯ ಅಂದರೆ ನನಗೆ ಮೂಗಿಗೆ ಬರುವುದು ಅದೇ. ಹಿಂದಿನ ಸೀಟಿನ ಸಂದಿಯಲ್ಲಿ ನಾವು ತಿಂದು ಚೆಲ್ಲಿದ ಚುರಮುರಿ ಯಾವಾಗಲೂ ಇರುತ್ತಿತ್ತು. ಅದನ್ನು ಹುಡುಕಿಕೊಂಡು ಕೋಳಿ ಬರುತ್ತಿದ್ದವು. ಬಂದದ್ದಕ್ಕೆ ಒಂದೊಂದು ಸಲ ಸೀಟಿನ ಮೇಲೆ ಮೊಟ್ಟೆ ಇಟ್ಟು ಹೋಗುತ್ತಿದ್ದವು.

ಅಪ್ಪನದು ಒಂದು ನೇಮವಿತ್ತು. ಮದುವೆಗೆ ಅಂತ ಕೇಳಿದವರಿಗೆ ಮೋಟಾರು ಇಲ್ಲ ಅನ್ನಬಾರದು. ಬಾಡಿಗೆ ತೆಗೆದುಕೊಳ್ಳಬಾರದು. ಯಾರವರು, ಯಾವ ಓಣಿಯವರು ಅಂತ ಕೇಳಬಾರದು. ಒಯ್ಯುವವರು ಪೆಟ್ರೋಲು ಹಾಕಿಸಿ, ಬಾನೆಟ್ಟಿನ ಮೇಲೆ ಒಂದು ಕಾಯಿ ಒಡೆದರೆ ಮುಗಿಯಿತು. ಆಗ ಮದುಮಕ್ಕಳ ಮೆರವಣಿಗೆಗೆ ಕುದುರೆ ತರುತ್ತಿದ್ದರು. ಕುದುರೆಯವನು ಯಾರಿಗೆ ಕೊಡುತ್ತಾನೆ, ಯಾರಿಗೆ ಕೊಡುವುದಿಲ್ಲ, ಕೊಟ್ಟರೂ ಯಾವ ಓಣಿಯಲ್ಲಿ ಯಾರು ಇಳಿದು ನಡೆಯಬೇಕು, ಇವೆಲ್ಲಕ್ಕೂ ಊರಲ್ಲಿ ಹಳೇ ಕಟ್ಟಳೆಗಳಿದ್ದವು. ಮೋಟಾರಿಗೆ ಮಾತ್ರ ಕಟ್ಟಳೆ ಇರಲಿಲ್ಲ, ಯಾಕೆಂದರೆ ಕಟ್ಟಳೆ ಮಾಡಿದವರ ಕಾಲಕ್ಕೆ ಮೋಟಾರೇ ಇರಲಿಲ್ಲ. ಅಪ್ಪ ಇದನ್ನು ಚೆನ್ನಾಗಿ ಅರಿತ ವಕೀಲರಾಗಿದ್ದರು. ಹಾಗಾಗಿ ಗೌಡರ ಮಗನೂ, ಹಮಾಲಿ ಮಾಡುವವನ ಮಗನೂ ಕುಷ್ಟಗಿಯಲ್ಲಿ ಒಂದೇ ಸೀಟಿನ ಮೇಲೆ ಮದುಮಗನಾಗಿ ಕೂತು, ಒಂದೇ ರಸ್ತೆಯಲ್ಲಿ ಮೆರೆದರು. ಜಗಳ ತೆಗೆಯಬೇಕೆಂದವರಿಗೆ ಯಾವ ಮಾತಿನಿಂದ ಶುರು ಮಾಡಬೇಕೋ ತಿಳಿಯುತ್ತಿರಲಿಲ್ಲ.

ಎಪ್ಪತ್ತರ ದಶಕದ ನಡುವೆ ಅಪ್ಪ ತೀರಿಕೊಂಡರು. ಆಗ ನಾನು ಕುಷ್ಟಗಿಯಲ್ಲೇ ಹೆಣ್ಣುಮಕ್ಕಳ ಸಾಲೆಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಮನೆಯಲ್ಲಿ ಅವ್ವ ಮತ್ತು ನಾನು ಇಬ್ಬರೇ. ಅಪ್ಪನ ಮೋಟಾರು ಓಡಿಸುತ್ತಿದ್ದ ಖಾಜಾ ಮಾಮಾ ಬಸ್ ಸ್ಟ್ಯಾಂಡಿನ ಹತ್ತಿರ ಸೈಕಲ್ ಅಂಗಡಿ ಹಾಕಿಕೊಂಡ. ಆದರೆ ಮದುವೆ ಅಂದರೆ ಅಂಗಡಿಗೆ ಬಾಗಿಲು ಹಾಕಿ ಬಿಳೀ ಅಂಗಿ ತೊಟ್ಟು ಬಂದುಬಿಡುತ್ತಿದ್ದ. ಪಗಾರವಿಲ್ಲದ ಈ ಕೆಲಸವನ್ನು ಅವನು ಪಗಾರದ ಕಾಲಕ್ಕಿಂತ ಗತ್ತಿನಿಂದ ಮಾಡುತ್ತಿದ್ದ. ನನಗೂ ಅವನೇ ಗಾಡಿ ಬಿಡುವುದು ಕಲಿಸಿದ್ದು. ಕಲಿತ ಗುರುತು ನಮ್ಮ ಅಂಗಳದ ಬೇವಿನ ಮರದ ಮೇಲೆ ಬಹಳ ವರ್ಷ ಇತ್ತು.

ಅಪ್ಪ ಹೋದದ್ದೇ ತಡ, ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಕೊಳ್ಳುವವರು ಬರಲು ಶುರು ಮಾಡಿದರು. ನಾವು ಮಾರುತ್ತೇವೆ ಅಂತ ಯಾರಿಗೂ ಹೇಳಿರಲಿಲ್ಲ. ಮೊದಮೊದಲು ಬಂದವರು ಗುಜರಿಯವರು. ತಗಡಿನ ಲೆಕ್ಕದಲ್ಲಿ ತೂಗಿ ಒಯ್ಯುತ್ತೇವೆ ಅನ್ನುತ್ತಿದ್ದರು. ಆಮೇಲೆ ಎಂಬತ್ತರ ಸುಮಾರಿಗೆ, ಮುಂಬಯಿ ಕಡೆಯ ಶ್ರೀಮಂತರಿಗೆ ಹಳೇ ಕಾರುಗಳ ಹುಚ್ಚು ಹಿಡಿದಿದೆ ಅನ್ನುವ ಸುದ್ದಿ ಹಬ್ಬಿತು. ಅಲ್ಲಿಂದ ದಲ್ಲಾಳಿಗಳ ದಂಡು. ಎಲ್ಲರೂ ಬಾಗಿಲಲ್ಲಿ ನಿಂತು ಹೇಳುತ್ತಿದ್ದ ಮೊದಲ ಮಾತು ಒಂದೇ: ‘ಸುಮ್ನ ನೋಡಿ ಹೋಗೂನು ಅಂತ ಬಂದೀವ್ರಿ.’ ಎರಡನೇ ಮಾತೂ ಒಂದೇ: ‘ಮನ್ಯಾಗ ಗಂಡಸರು ಯಾರದಾರ್ರಿ?’

ದನದ ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವರಂತೆ ಅವರು ಬಾನೆಟ್ಟು ಎತ್ತಿ ಇಣುಕುತ್ತಿದ್ದರು. ಬೆರಳು ಮಡಚಿ ಬಾಗಿಲು ತಟ್ಟಿ ನಾದ ಕೇಳುತ್ತಿದ್ದರು. ಒಬ್ಬ ಜೇಬಿನಲ್ಲಿ ಅಯಸ್ಕಾಂತ ಇಟ್ಟುಕೊಂಡೇ ಬಂದಿದ್ದ. ಬಾಯಲ್ಲಿ ಮಾತ್ರ ‘ಇದಕ್ಕ ಏನ್ ಬರತೈತ್ರಿ, ಹಾವು ಚೇಳು ಸೇರ್ತಾವು, ಪುಣ್ಯಾಕ ಒಯ್ತೀವಿ’ ಅನ್ನುವ ಉಪಕಾರದ ಮಾತು. ಕಣ್ಣು ಆ ಗುಂಡು ದೀಪಗಳಿಂದ ಕದಲುತ್ತಿರಲಿಲ್ಲ. ನನ್ನ ವಿದ್ಯೆ ಶುರುವಾದದ್ದು ಅಲ್ಲಿ. ಮಾತು ಎಷ್ಟು ಕೆಳಗೆ ಇಳಿಯುತ್ತದೋ ಕಣ್ಣು ಅಷ್ಟು ಹೊಳೆಯುತ್ತದೆ ಅಂತ ನಾನು ಬೇಗ ಕಲಿತೆ. ಒಬ್ಬನಂತೂ ಮೋಟಾರು ಕಂಡ ಕೂಡಲೇ ಅತ್ತುಬಿಟ್ಟ. ತನ್ನ ತೀರಿಹೋದ ಅಪ್ಪ ಇಂಥದ್ದೇ ಗಾಡಿ ಇಟ್ಟಿದ್ದನಂತೆ. ಅವ್ವನಿಗೂ ಕಣ್ಣು ತುಂಬಿ ಬಂದು, ಅವನಿಗೆ ಉಪ್ಪಿಟ್ಟು ಮಾಡಿ ಹಾಕಿದಳು. ತಿಂಗಳೊಪ್ಪತ್ತಿಗೆ ಇನ್ನೊಬ್ಬನನ್ನು ಕರೆದುಕೊಂಡು ಮತ್ತೆ ಬಂದು ಮತ್ತೆ ಅತ್ತ. ಈ ಸಲ ಗಾಡಿ ಇಟ್ಟಿದ್ದವನು ಅವನ ಮಾವ. ಅವ್ವ ಅವತ್ತೂ ಚಹಾ ಕೊಟ್ಟಳು, ಉಪ್ಪಿಟ್ಟು ಮಾತ್ರ ಮಾಡಲಿಲ್ಲ.

ನನ್ನನ್ನು ನೋಡಲು ಬಂದವರ ಕಥೆಯೂ ಇದೇ. ಗಂಗಾವತಿಯ ಕಡೆಯಿಂದ ಒಂದು ಸಂಬಂಧ ಬಂದಿತ್ತು, ಕಾಲುವೆಯ ನೀರಿಗೆ ಭತ್ತ ಬೆಳೆದು ಕೈ ತುಂಬಿದ್ದ ಮಂದಿ. ನಾನು ಚಹಾದ ತಟ್ಟೆ ಹಿಡಿದು ತಲೆ ಬಗ್ಗಿಸಿ ಹೊರಗೆ ಬಂದರೆ ಪಡಸಾಲೆಯಲ್ಲಿ ಯಾರೂ ಇಲ್ಲ. ಹುಡುಗ, ಹುಡುಗನ ಸೋದರಮಾವ ಎಲ್ಲರೂ ಕೊಟ್ಟಿಗೆಯಲ್ಲಿ ಮೋಟಾರಿನ ಸುತ್ತ ಪ್ರದಕ್ಷಿಣೆ ಹಾಕುತ್ತಿದ್ದರು. ಹುಡುಗಿ ಒಪ್ಪಿಗೆಯಾಗಿದ್ದಾಳೆ, ಜೊತೆಗೆ ಮೋಟಾರೂ ಬಂದರೆ ಚೆನ್ನ ಅಂತ ಆಮೇಲೆ ಹೇಳಿ ಕಳಿಸಿದರು. ‘ಎರಡ್ರಾಗ ಒಂದೂ ಇಲ್ಲಂತ ಹೇಳ್ರಿ’ ಅಂದಳು ಅವ್ವ. ಮುಂದೆ ನನಗೆ ಸಿಕ್ಕ ಪುಣ್ಯಾತ್ಮರಿಗೆ ಸೈಕಲ್ ಕೂಡ ಹೊಡೆಯಲು ಬರುತ್ತಿರಲಿಲ್ಲ, ಆ ಮಾತು ಬೇರೆ.

ಅವ್ವ ದಲ್ಲಾಳಿಗಳಿಗೆ ಬೈದವಳಲ್ಲ. ಬಂದವರಿಗೆಲ್ಲ ಚಹಾ ಕೊಟ್ಟು, ಕೊನೆಗೆ ಒಂದೇ ಮಾತು ಹೇಳುತ್ತಿದ್ದಳು: ‘ಮದುವಿಗೆ ಬೇಕಾದ್ರ ಒಯ್ರಿ, ಮಾರಾಕಂತೂ ಇಲ್ಲ.’ ಅವರು ನಕ್ಕು ಹೋಗುತ್ತಿದ್ದರು. ಆ ಮಾತನ್ನು ನಗದೆ ಕೇಳಿಸಿಕೊಂಡು ಹೋದವನು ಒಬ್ಬನೇ, ಅಂದಾನಪ್ಪ. ಬಿಳೀ ಧೋತರ, ಹಣೆಯ ತುಂಬ ವಿಭೂತಿ, ತುಪ್ಪದಲ್ಲಿ ಅದ್ದಿ ತೆಗೆದಂಥ ಮಾತು. ಎರಡು ಸಲ ಕೊಳ್ಳಲು ಬಂದಿದ್ದ, ಎರಡು ಸಲವೂ ಬರಿಗೈಯಲ್ಲಿ ಹೋಗಿದ್ದ. ಮೂರನೇ ಸಲ ಬಂದಾಗ ಅವನ ಕೈಯಲ್ಲಿ ಎಲೆ ಅಡಿಕೆ, ಅಕ್ಷತೆ ಇದ್ದವು.

‘ಅವ್ವಾರ, ಹಿಂದ ಕೊಳ್ಳಾಕ ಬಂದಿದ್ದು ನಂದು ತಪ್ಪಾತ್ರಿ’ ಅಂದ. ‘ಇವತ್ತ ದಲ್ಲಾಳಿ ಅಂತ ಬಂದಿಲ್ರಿ, ಹೆಣ್ಣು ಹೆತ್ತಾಂವ ಅಂತ ಬಂದೀನಿ. ಯಲಬುರ್ಗಿ ಹಂತ್ಯಾಕ ನಮ್ಮೂರಾಗ ಮಗಳ ಮದುವಿ ಐತಿ. ಬೀಗರು ಭಾಳ ದೊಡ್ಡ ಮಂದಿರಿ. ನಿಮ್ಮ ಮೋಟಾರದಾಗ ಅಳಿಯನ್ನ ಕರ್ಕೊಂಡ್ರ ನನ್ನ ಮಾನ ಉಳೀತೈತ್ರಿ.’

ನಾನು ಅವನ ಕಣ್ಣನ್ನೇ ನೋಡುತ್ತಿದ್ದೆ. ಅವತ್ತು ಅವನ ಕಣ್ಣು ಮೋಟಾರಿನ ಕಡೆ ಒಮ್ಮೆಯೂ ಹೋಗಲಿಲ್ಲ. ಅವ್ವನ ಪಾದದ ಮೇಲೇ ಇತ್ತು. ಈತ ಖರೇ ಹೇಳುತ್ತಿದ್ದಾನೆ ಅಂತ ನಾನು ಮನಸ್ಸಿನಲ್ಲೇ ಶಿಫಾರಸು ಕೊಟ್ಟುಬಿಟ್ಟೆ. ಅಷ್ಟು ವರ್ಷ ಕಲಿತ ವಿದ್ಯೆ ಬೇಕಾದ ಹೊತ್ತಿಗೆ ಕೈಕೊಟ್ಟಿತು. ಅವ್ವನಿಗೆ ಯಾರ ಶಿಫಾರಸೂ ಬೇಕಿರಲಿಲ್ಲ. ಮದುವೆ ಅಂದನಲ್ಲ, ಸಾಕು. ಖಾಜಾ ಮಾಮಾನಿಗೆ ಹೇಳಿ ಕಳಿಸಿದಳು.

ಮದುವೆಯ ದಿನ ಬೆಳಿಗ್ಗೆ ಖಾಜಾ ಮಾಮಾ ಮೋಟಾರು ಒರೆಸಿ, ಹೂವಿನ ಸರ ಕಟ್ಟಿಕೊಂಡು ಹೊರಟ. ಮುಂದೆ ಆದದ್ದನ್ನು ಅವನ ಬಾಯಿಂದಲೇ ಕೇಳಿದ್ದೇನೆ. ಆ ಊರಲ್ಲಿ ಮದುವೆ ಇದ್ದದ್ದು ಖರೆ. ಚಪ್ಪರ, ಬಾಜಾ ಬಜಂತ್ರಿ, ಜನ ಎಲ್ಲ ಇತ್ತು. ಅಂದಾನಪ್ಪ ಚಪ್ಪರದ ಮುಂದೆಯೇ ನಿಂತಿದ್ದ. ‘ಬರ್ರಿ ಖಾಜಾಸಾಬ್, ಮೊದಲ ಉಣ್ರಿ, ಆಮ್ಯಾಲೆ ಬೀಗರನ್ನ ಕರ್ಯಾಕ ಹೋಗೂನು’ ಅಂತ ಕೈ ಹಿಡಿದು ಒಳಗೆ ಕರೆದೊಯ್ದ. ನಮ್ಮ ಕಡೆ ಇದು ಸಂಪ್ರದಾಯ. ಮದುವೆಯ ಗಾಡಿ ತಂದವನನ್ನು ಮೊದಲ ಪಂಕ್ತಿಗೆ ಕೂಡಿಸಬೇಕು. ಅವನು ಒಲ್ಲೆ ಅನ್ನಬಾರದು, ಅಂದರೆ ಮದುವೆಗೆ ಅಪಶಕುನ. ಖಾಜಾ ಮಾಮಾ ಕೂತ. ಹೂರಣದ ಹೋಳಿಗೆ, ಅನ್ನ, ಸಾರು ಎಲ್ಲ ಬಂತು. ಬಡಿಸುವವರು ಇವನು ಗಂಡಿನ ಕಡೆಯವನೆಂದು ತಿಳಿದು ಎರಡೆರಡು ಸಲ ತುಪ್ಪ ಹಾಕಿದರು. ಉಂಡು, ಕೈ ತೊಳೆದು, ಎಲೆ ಅಡಿಕೆ ಹಾಕಿಕೊಂಡು ಹೊರಗೆ ಬಂದರೆ ಚಪ್ಪರದ ಮುಂದೆ ಮೋಟಾರಿಲ್ಲ. ಹೂವಿನ ಸರ ಮಣ್ಣಲ್ಲಿ ಬಿದ್ದಿತ್ತು. ಅಂದಾನಪ್ಪ ಎಲ್ಲಿ ಅಂತ ಕೇಳಿದರೆ ಮದುವೆ ಮನೆಯವರು ‘ಯಾವ ಅಂದಾನಪ್ಪ?’ ಅಂದರು. ಅವನು ಆ ಊರಿನವನೇ ಅಲ್ಲ. ಯಾರದೋ ಮದುವೆಯ ಚಪ್ಪರದ ಮುಂದೆ ಬಂದು ನಿಂತಿದ್ದ, ಅಷ್ಟೇ.

ಅವತ್ತು ಸಂಜೆ ಬಸ್ಸಿಳಿದು ಬಂದ ಖಾಜಾ ಮಾಮಾ ನಮ್ಮ ಹೊಸ್ತಿಲ ಹೊರಗೇ ನಿಂತ. ಬಿಳೀ ಅಂಗಿ ಬೆವರಿಗೆ ಮೈಗಂಟಿತ್ತು. ಮೋಟಾರಿನ ಸದ್ದು ಕೇಳದೆ ಅವನೊಬ್ಬನೇ ಬಂದದ್ದು ಕಂಡು ಏನೋ ಆಗಿದೆ ಅಂತ ಅವ್ವನಿಗೆ ತಿಳಿಯಿತು. ಆದರೂ ಅಭ್ಯಾಸಬಲದಿಂದ ಅವಳ ಬಾಯಿಂದ ಮೊದಲು ಬಂದದ್ದು ‘ಊಟ ಆತೇನ ಖಾಜಾ?’ ಅನ್ನುವ ಮಾತು.

ಆ ಅಷ್ಟೆತ್ತರದ ಮನುಷ್ಯ ಗೋಡೆಗೆ ಹಣೆ ಕೊಟ್ಟು ಅತ್ತುಬಿಟ್ಟ. ‘ಉಣ್ಣಾಕ ಕುಂತಿದ್ದಕ್ಕ ಹೋತ್ರಿ ಅವ್ವಾರ. ಮೊದಲನೇ ಪಂಕ್ತ್ಯಾಗ ಕುಂದರಿಸಿ ಉಣಿಸಿದ. ನಾ ಉಂಡೆ. ಸಾಹೇಬ್ರ ಗಾಡಿ ಹೋತು.’

ಫಿರ್ಯಾದು ಕೊಟ್ಟೆವು. ಪೊಲೀಸರು ಹುಡುಕುವುದಕ್ಕಿಂತ ಮುಂಚೆ ಗಾಡಿ ತಾನೇ ಸಿಕ್ಕಿತು. ಬಿಸಿಲಲ್ಲಿ ಸ್ವಲ್ಪ ದೂರ ಹೋದರೆ ಅದಕ್ಕೆ ನೀರು ಕುಡಿಸಬೇಕು. ಒಯ್ದವರಿಗೆ ಅಷ್ಟು ಪುರಸೊತ್ತು ಇರಲಿಲ್ಲ ಅಂತ ಕಾಣುತ್ತದೆ. ಕುಕನೂರು ದಾಟಿ ಭಾನಾಪುರದ ಹತ್ತಿರ ಅದು ಕುದ್ದು ಕೆಟ್ಟು ನಿಂತಿತ್ತು. ನಿಂತದ್ದನ್ನು ಬಿಟ್ಟು, ಬಿಚ್ಚಲು ಬಂದದ್ದನ್ನೆಲ್ಲ ಬಿಚ್ಚಿಕೊಂಡು ಹೋಗಿದ್ದರು. ಗುಂಡು ದೀಪಗಳಿಲ್ಲ, ಹಾರನ್ನಿಲ್ಲ, ಹಿಂದಿನ ಚರ್ಮದ ಸೀಟಿಲ್ಲ. ಟ್ರ್ಯಾಕ್ಟರಿಗೆ ಕಟ್ಟಿ ಎಳೆದುಕೊಂಡು ಬಂದಾಗ ಊರಿಗೆ ಊರೇ ರಸ್ತೆಯಲ್ಲಿ ನಿಂತು ನೋಡಿತು. ಕಣ್ಣು ಕಿತ್ತ ಮುಖದ ಹಾಗಿತ್ತು ಅದರ ಮೋರೆ. ಸಾಲೆಯ ಕಿಟಕಿಯಿಂದ ಅದನ್ನು ಕಂಡ ನಾನು ಹುಡುಗಿಯರ ಮುಂದೆ ಅಳಬಾರದು ಅಂತ ಕಪ್ಪು ಹಲಗೆಯ ಕಡೆ ತಿರುಗಿ ಮಗ್ಗಿ ಬರೆಯುತ್ತ ನಿಂತೆ.

ಖಾಜಾ ಮಾಮಾ ಹಟ ಹಿಡಿದು ರಿಪೇರಿ ಮಾಡಿದ. ಲಾರಿಯ ದೀಪ ತಂದು ಹಾಕಿದ, ಸೀಟಿಗೆ ರೆಕ್ಸಿನ್ ಹೊಲಿಸಿದ. ಹಾರನ್ನು ಎಲ್ಲೂ ಸಿಗಲಿಲ್ಲ. ಮೋಟಾರು ಮೊದಲಿನ ಹಾಗೆ ಅಲ್ಲದಿದ್ದರೂ ಮತ್ತೆ ಓಡಿತು. ಊರವರು ಬಂದು ಅವ್ವನಿಗೆ ಬುದ್ಧಿ ಹೇಳಿದರು. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಅಂತ ಸುಮ್ಮನೆ ಹೇಳಿಲ್ಲ, ಇನ್ನು ಮೇಲೆ ಜಾಮೀನಿಲ್ಲದೆ ಯಾರಿಗೂ ಕೊಡಬೇಡಿ ಅಂದರು. ಅವ್ವ ಎಲ್ಲರಿಗೂ ‘ಹೌದ್ರಿ, ಖರೇ ಐತ್ರಿ’ ಅಂದಳು. ಅವಳು ಆ ಮಾತನ್ನು ಮನಸ್ಸಿಗೆ ತೆಗೆದುಕೊಂಡಿದ್ದಾಳೆ ಅಂತ ನನಗೆ ಅನ್ನಿಸಿರಲಿಲ್ಲ.

ಮುಂದಿನ ಮದುವೆ ಸುಗ್ಗಿಯಲ್ಲಿ ಮೊದಲು ಬಂದವನು ದುರುಗಪ್ಪ. ಅಡತಿ ಅಂಗಡಿಗಳಲ್ಲಿ ಚೀಲ ಹೊರುವವನು. ಊರ ಹೊರಗಿನ ಕೇರಿಯವನು. ಅಪ್ಪ ಇದ್ದಾಗ ಇದೇ ದುರುಗಪ್ಪ ಮದುಮಗನಾಗಿ ಆ ಮೋಟಾರಿನಲ್ಲಿ ಕೂತು ಮೆರೆದಿದ್ದ. ಈಗ ಅವನ ಮಗಳ ಮದುವೆ. ಅಳಿಯ ಕನಕಗಿರಿಯವನು. ಅಂಗಳದಲ್ಲಿ ಚಪ್ಪಲಿ ಬಿಟ್ಟು, ಬೇವಿನ ಗಿಡದ ಕೆಳಗೆ ನಿಂತು ವಿಷಯ ಹೇಳಿದ. ಅವ್ವ ಹೊಸ್ತಿಲಲ್ಲಿ ನಿಂತಿದ್ದಳು.

‘ಯಾವತ್ತ ಮದುವಿ?’ ಅಂದಳು. ಅವನು ಹೇಳಿದ. ‘ಎಲ್ಲಿ?’ ಅಂದಳು. ಅವನು ಸ್ವಲ್ಪ ನಕ್ಕು ‘ಇಲ್ಲೇರಿ, ನಮ್ಮ ಓಣ್ಯಾಗ’ ಅಂದ. ‘ಜೋಡಿ ಯಾರ್ ಬರ್ತಾರ? ಗಾಡಿ ಹಂತ್ಯಾಕ ಯಾರ್ ಇರ್ತಾರ?’ ಅಂದಳು. ಅವನ ನಗು ನಿಂತಿತು. ಸಾಕು ಅವ್ವ, ನಿಲ್ಲಿಸು ಅನ್ನಬೇಕೆನಿಸಿತು ನನಗೆ. ಅಷ್ಟರಲ್ಲಿ ಅವಳು ಕೇಳಿಯೇಬಿಟ್ಟಳು: ‘ಜಾಮೀನಕ್ಕ ಯಾರನ್ನರ ಕರ್ಕೊಂಡು ಬಾರಪಾ.’

ದುರುಗಪ್ಪ ಕೆಳಗೆ ನೋಡಿದ. ‘ಜಾಮೀನ್ ನಿಂದರವ್ರು ನನಗ ಯಾರದಾರ್ರಿ ಅವ್ವಾರ’ ಅಂದ. ಸಿಟ್ಟಿನಿಂದಲ್ಲ, ಇದ್ದ ಮಾತು ಹೇಳುವ ಹಾಗೆ. ‘ಇರ್ಲಿ ಬಿಡ್ರಿ. ನಮ್ಮ ಅಣ್ಣಂದು ಬಂಡಿ ಐತಿ, ಅದ ಆಕ್ಕೈತಿ’ ಅಂದು, ಕೈ ಮುಗಿದು, ಚಪ್ಪಲಿ ಮೆಟ್ಟಿಕೊಂಡು ಹೋದ. ಚಹಾ ಕುಡಿಯಲಿಲ್ಲ. ನಮ್ಮ ಮನೆಯಲ್ಲಿ ಚಹಾ ಕುಡಿಯದೆ ಹೋದವರು ನಾನು ಕಂಡ ಹಾಗೆ ಅವನೊಬ್ಬನೇ. ಕಳ್ಳರು ಕೂಡ ಕುಡಿದು ಹೋಗಿದ್ದರು.

ಅವ್ವ ಅವತ್ತು ಉಣ್ಣಲಿಲ್ಲ. ಮದುವೆಯ ದಿನ ಬೆಳಿಗ್ಗೆ ಎದ್ದವಳೇ ಖಾಜಾ ಮಾಮಾನನ್ನು ಕರೆಸಿದಳು. ಮೋಟಾರಿಗೆ ತಾನೇ ಕುಂಕುಮ ಹಚ್ಚಿಸಿ, ಹೂವು ಕಟ್ಟಿಸಿ, ‘ದುರುಗಪ್ಪನ ಮನಿಗೆ ಹೊಡಕೊಂಡ್ ಹೋಗು. ಇಕಿನ್ನೂ ಕರ್ಕೊಂಡ್ ಹೋಗು’ ಅಂತ ನನ್ನನ್ನೂ ಜೊತೆಗೆ ಕಳಿಸಿದಳು. ನಾವು ಹೋಗುವ ಹೊತ್ತಿಗೆ ಮೆರವಣಿಗೆ ಹೊರಟು ನಿಂತಿತ್ತು. ಬಂಡಿಗೆ ಬಾಳೆಕಂದು ಕಟ್ಟಿ, ಕೌದಿ ಹಾಸಿ, ಮದುಮಕ್ಕಳಿಬ್ಬರನ್ನೂ ಕೂಡಿಸಿದ್ದರು. ದುರುಗಪ್ಪ ಹಲಗೆ ಬಾರಿಸುವವರನ್ನು ನಿಲ್ಲಿಸಿ ನಮ್ಮ ಹತ್ತಿರ ಬಂದ.

‘ಅವ್ವ ಕಳಿಸ್ಯಾಳ, ದುರುಗಪ್ಪಣ್ಣ’ ಅಂದೆ ನಾನು.

‘ಗೊತ್ತಾತ್ರಿ ಅಕ್ಕಾರ. ಅವ್ವಾರು ದೊಡ್ಡೋರು’ ಅಂದ ಅವನು. ‘ಆದ್ರ ಕೂಸು ಬಂಡಿ ಹತ್ತೇತ್ರಿ. ಹತ್ತಿದ ಮದುಮಗಳನ್ನ ಇಳಸಬಾರದ್ರಿ.’

ಅದೂ ನಮ್ಮ ಕಡೆಯ ಸಂಪ್ರದಾಯವೇ. ಹಲಗೆ ಮತ್ತೆ ಶುರುವಾಯಿತು. ಬಂಡಿ ಹೊರಟಿತು. ಹಿಂದಕ್ಕೆ ತಿರುಗಿಸಿಕೊಂಡು ಬರಲು ಖಾಜಾ ಮಾಮಾನಿಗೆ ಮನಸ್ಸಾಗಲಿಲ್ಲ. ಎತ್ತಿನ ನಡಿಗೆಗೆ ಸರಿಯಾಗಿ ಮೋಟಾರನ್ನು ಬಂಡಿಯ ಹಿಂದೆ ಬಿಟ್ಟುಕೊಂಡು ಹೋದ. ಹೂವು ಕಟ್ಟಿದ ಗಾಡಿ, ಹಿಂದಿನ ಸೀಟು ಖಾಲಿ. ದೊಡ್ಡ ಬಜಾರದವರೆಗೂ ಹಾಗೇ ಹೋದೆವು. ಬಜಾರಿನ ತಿರುವಿನಲ್ಲಿ ಯಾರೋ ನಾಲ್ಕು ಮಂದಿ ಮುಂದೆ ಬಂದು ಬಂಡಿಯವನಿಗೆ ಏನೋ ಹೇಳಿದರು. ಮದುಮಗ ಇಳಿದ. ಅಲ್ಲಿಂದ ಗೌಡರ ಓಣಿ ದಾಟುವತನಕ ನಡೆದುಕೊಂಡು ಹೋದ. ಕುದುರೆಯ ಹಾಗೆ ಬಂಡಿಗೂ ಕಟ್ಟಳೆ ಇತ್ತು. ನಾನು ಮೋಟಾರಿನಲ್ಲಿ ಕೂತು ಅದನ್ನೆಲ್ಲ ನೋಡಿದೆ.

ಮನೆಗೆ ಬಂದಾಗ ಅವ್ವ ಬಾಗಿಲಲ್ಲೇ ಇದ್ದಳು. ‘ಕುಂತ್ಳೇನ ಹುಡುಗಿ?’ ಅಂದಳು. ‘ಇಲ್ಲ’ ಅಂದೆ. ಮದುಮಗ ಇಳಿದು ನಡೆದದ್ದನ್ನು ನಾನು ಹೇಳಬಾರದೆಂದಿದ್ದೆ, ಖಾಜಾ ಮಾಮಾ ಹೇಳಿಬಿಟ್ಟ. ಅವಳು ಕೇಳಿಸಿಕೊಂಡು, ಒಳಗೆ ಹೋಗಿ, ದೇವರ ಮುಂದೆ ಬಹಳ ಹೊತ್ತು ಕೂತಿದ್ದಳು. ಅಪ್ಪ ಸತ್ತಾಗಲೂ ಅವಳು ಹಾಗೆ ಕೂತದ್ದನ್ನು ನಾನು ಕಂಡಿರಲಿಲ್ಲ.

ಆ ಸುಗ್ಗಿ ಮುಗಿಯುವುದರೊಳಗೆ ಗದಗಿನ ಕಡೆಯವನೊಬ್ಬ ಮೋಟಾರು ಕೇಳಿಕೊಂಡು ಬಂದ. ನಾನು ಎಂದಿನಂತೆ ಚಹಾಕ್ಕೆ ಇಟ್ಟೆ. ಎಂದಿನ ಉತ್ತರಕ್ಕೆ ಕಾಯುತ್ತ ಒಲೆಯ ಮುಂದೆ ನಿಂತಿದ್ದೆ. ‘ಕೊಡ್ತೀನಿ, ಒಯ್ರಿ’ ಅಂದದ್ದು ಕೇಳಿಸಿತು. ಹೊರಗೆ ಓಡಿ ಬಂದೆ. ಆ ಮನುಷ್ಯನಿಗೇ ನಂಬಿಕೆ ಬಂದಿರಲಿಲ್ಲ. ಹೇಳಿದ ಬೆಲೆಗೆ ಅವ್ವ ಚೌಕಾಸಿ ಮಾಡಲಿಲ್ಲ. ‘ಒಯ್ದು ಏನ್ ಮಾಡ್ತೀರಿ?’ ಅಂತ ಮಾತ್ರ ಕೇಳಿದಳು.

ಅವನು ಉಳಿದವರ ಹಾಗೆ ಮುಂಬಯಿಯ ಶ್ರೀಮಂತರಿಗೆ ಅನ್ನಲಿಲ್ಲ. ‘ಮದುವಿ ಮೆರವಣಿಗಿಗೆ ಬಾಡಿಗಿ ಬಿಡ್ತೀವ್ರಿ ಅವ್ವಾರ, ಛಲೋ ನಡೀತೈತಿ’ ಅಂದ.

‘ಯಾರ್ ಕೇಳಿದ್ರೂ ಕೊಡ್ತೀರೇನು?’

‘ರೊಕ್ಕ ಕೊಟ್ರ ಆತ್ರಿ. ಯಾರಾದ್ರೇನ್ರಿ ನಮಗ.’

ಅವ್ವ ತಲೆಯಾಡಿಸಿದಳು. ಖಾಜಾ ಮಾಮಾ ಹ್ಯಾಂಡಲ್ ತಿರುವಿ ಚಾಲೂ ಮಾಡಿಕೊಟ್ಟ. ಕೊಟ್ಟಿಗೆಯಿಂದ ಮೋಟಾರು ಹೊರಗೆ ಬಂದು ರಸ್ತೆಗೆ ತಿರುಗುವತನಕ ಅವಳು ಕಟ್ಟೆಯ ಮೇಲೆ ನಿಂತಿದ್ದಳು. ನಾನು ಅಳುತ್ತಿದ್ದೆ. ಅಪ್ಪನ ಗಾಡಿಯನ್ನು ಬಾಡಿಗೆಗೆ ಬಿಡುವವನಿಗೆ ಕೊಟ್ಟೆಯಲ್ಲ ಅಂತ ಜಗಳಕ್ಕೇ ನಿಂತೆ.

‘ಅಳಬ್ಯಾಡ’ ಅಂದಳು ಅವ್ವ. ‘ರೊಕ್ಕ ಕೊಟ್ಟು ಕುಂತಾವನ್ನ ನೀ ಯಾರು ಅಂತ ಯಾರೂ ಕೇಳೂದಿಲ್ಲ. ಪುಕ್ಕಟ ಕೊಡಾಕಿ ನಾ ಕೇಳಿದೆ.’